ಎಷ್ಟು ಸಾಲು? ಸಾಲಿಗೆ ಎಷ್ಟು?

ಇವತ್ತಿನ ಮಾತು ಸಣ್ಣ ಮಕ್ಕಳ ಗಣಿತದ್ದು. ಅದರಲ್ಲೂ ಒಂದೇ ಒಂದು ಪಾಠದ್ದು. ಸಾಮಾನುಗಳನ್ನು ಸಾಲುಸಾಲಾಗಿ ಜೋಡಿಸುವುದು, ಸಾಲು ನೋಡಿ ಒಟ್ಟು ಎಷ್ಟಿದೆ ಎಂದು ಹೇಳುವುದು, ಇಷ್ಟೇ ಆ ಪಾಠ. ಎಡದಿಂದ ಬಲಕ್ಕೆ ಹೋಗುವುದು ಅಡ್ಡಸಾಲು. ಮೇಲಿನಿಂದ ಕೆಳಕ್ಕೆ ಇಳಿಯುವುದು ಕಂಬಸಾಲು. ಮಕ್ಕಳು ಮುಂದೆ ಕಲಿಯುವ ಗುಣಾಕಾರ, ಭಾಗಾಕಾರ, ವಿಸ್ತೀರ್ಣ ಎಲ್ಲವೂ ಈ ಎರಡು ಸಾಲುಗಳ ಮೇಲೆ ನಿಂತಿವೆ.

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯಲ್ಲಿ ರೇಡಿಯೊ ಹಚ್ಚಿಕೊಂಡು ಕುಳಿತವರು ಮನೆಯ ಸುತ್ತ ಏನಿದೆ ಎಂದು ಒಮ್ಮೆ ನೆನೆಸಿಕೊಳ್ಳಿ. ಹಿತ್ತಿಲಿನಾಚೆ ಕಾಫಿ ತೋಟ. ಗಿಡಗಳು ಸಾಲಾಗಿ ನಿಂತಿವೆ. ತೋಟದ ಮೂಲೆಯಲ್ಲಿ ನರ್ಸರಿ. ಮಣ್ಣು ತುಂಬಿದ ಚೀಲಗಳು ಸಾಲಾಗಿ ಕುಳಿತಿವೆ. ಕಳಸದ ಕಡೆ ಇಳಿದರೆ ಅಡಿಕೆ ಮರಗಳು ಸಾಲಾಗಿವೆ. ಎಸ್ಟೇಟಿನ ಕೆಲಸಗಾರರು ಇರುವ ಮನೆಗಳಿಗೆ ಹೆಸರೇ ಲೈನ್ ಮನೆ. ಹೊರನಾಡಿನ ಅನ್ನಪೂರ್ಣೇಶ್ವರಿ ಸನ್ನಿಧಿಯಲ್ಲಿ ಊಟಕ್ಕೆ ಕುಳಿತವರದೂ ಪಂಕ್ತಿ. ಇಷ್ಟೊಂದು ಸಾಲುಗಳ ನಡುವೆ ಹುಟ್ಟಿ ಬೆಳೆಯುವ ಮಗುವಿಗೆ ಸಾಲನ್ನು ಬೇರೆ ಹೇಳಿಕೊಡಬೇಕೇ?

ಹೇಳಿಕೊಡಬೇಕು. ಸಾಲಿನ ನಡುವೆ ಓಡಾಡಿದ ಮಾತ್ರಕ್ಕೆ ಸಾಲು ಕಣ್ಣಿಗೆ ಕಟ್ಟುವುದಿಲ್ಲ.

ಇದನ್ನು ಕೂಲಂಕಷವಾಗಿ ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಗಣಿತ ಶಿಕ್ಷಣ ತಜ್ಞ ಮೈಕೆಲ್ ಬ್ಯಾಟಿಸ್ಟಾ ಮತ್ತು ಸಂಗಡಿಗರು 1998ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಎರಡನೇ ತರಗತಿಯ ಮಕ್ಕಳ ಮುಂದೆ ಒಂದು ಆಯತ ಇಟ್ಟರು. ಇದರೊಳಗೆ ಇಂಥ ಚೌಕಗಳು ಎಷ್ಟು ಹಿಡಿಸುತ್ತವೆ ಎಂದು ಕೇಳಿದರು. ದೊಡ್ಡವರಿಗೆ ಇದು ಸುಲಭ. ಮಕ್ಕಳಿಗೆ ಹಾಗಿರಲಿಲ್ಲ. ಕೆಲವರು ಅಂಚಿನ ಸುತ್ತ ಬೆರಳಿಟ್ಟು ಎಣಿಸುತ್ತಾ ಹೋದರು. ನಡುವೆ ಬಂದಾಗ ದಾರಿ ತಪ್ಪಿದರು. ಎಣಿಸಿದ್ದನ್ನೇ ಮತ್ತೆ ಎಣಿಸಿದರು, ಕೆಲವನ್ನು ಬಿಟ್ಟರು. 2000ದಲ್ಲಿ ಆಸ್ಟ್ರೇಲಿಯಾದ ಲಿನ್ ಔಟ್‌ರೆಡ್ ಮತ್ತು ಮೈಕೆಲ್ ಮಿಚೆಲ್‌ಮೋರ್ ಇನ್ನೊಂದು ಅಧ್ಯಯನ ಹೊರತಂದರು. ಒಂದರಿಂದ ನಾಲ್ಕನೇ ತರಗತಿವರೆಗಿನ ನೂರಕ್ಕೂ ಹೆಚ್ಚು ಮಕ್ಕಳು ಅದರಲ್ಲಿದ್ದರು. ಆಯತವನ್ನು ಚೌಕಗಳಿಂದ ತುಂಬಿಸಿ ಚಿತ್ರ ಬರೆಯಿರಿ ಎಂದಾಗ ಸಣ್ಣವರಲ್ಲಿ ಅನೇಕರು ಒಂದೊಂದೇ ಚೌಕವನ್ನು ಬಿಡಿಬಿಡಿಯಾಗಿ ಬರೆದರು. ಒಂದು ದೊಡ್ಡದು, ಒಂದು ಚಿಕ್ಕದು, ನಡುನಡುವೆ ಜಾಗ. ಅಡ್ಡಕ್ಕೆ ನಾಲ್ಕು ಗೆರೆ, ಉದ್ದಕ್ಕೆ ನಾಲ್ಕು ಗೆರೆ ಎಳೆದರೆ ಕೆಲಸ ಮುಗಿಯಿತು ಎಂಬುದು ಹೊಳೆಯಲು ಮಕ್ಕಳಿಗೆ ಕಾಲ ಬೇಕಾಗುತ್ತದೆ.

ಯಾಕೆ ಹೀಗೆ? ಒಂದೇ ವಸ್ತು ಏಕಕಾಲಕ್ಕೆ ಎರಡು ಸಾಲಿಗೆ ಸೇರುತ್ತದೆ ಎಂಬುದನ್ನು ಒಪ್ಪಿಕೊಳ್ಳುವುದು ಎಳೆಯ ಮನಸ್ಸಿಗೆ ಕಷ್ಟ. ಬೆಳಿಗ್ಗೆ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತ ಮಕ್ಕಳನ್ನು ನೆನೆಸಿಕೊಳ್ಳಿ. ತರಗತಿಗೆ ಒಂದು ಸಾಲು. ಒಂದು ಕೈ ಅಂತರ. ಮೂರನೇ ತರಗತಿ ಸಾಲಿನಲ್ಲಿ ಒಬ್ಬ ಹುಡುಗಿ ಐದನೆಯವಳಾಗಿ ನಿಂತಿದ್ದಾಳೆ. ಮುಂದೆ ಯಾರಿದ್ದಾರೆ, ಹಿಂದೆ ಯಾರಿದ್ದಾರೆ ಅವಳಿಗೆ ಗೊತ್ತು. ಈಗ ಟೀಚರ್ ಒಂದು ಮಾತು ಹೇಳಲಿ: ಎಲ್ಲ ಸಾಲಿನಲ್ಲೂ ಐದನೆಯವರು ಕೈ ಎತ್ತಿ. ಕೈಗಳು ಮೇಲೆ ಹೋದ ಕೂಡಲೇ ಅಡ್ಡಕ್ಕೆ ಒಂದು ಹೊಸ ಸಾಲು ಎದ್ದು ಬರುತ್ತದೆ. ಆ ಸಾಲು ಮೊದಲಿಂದಲೂ ಅಲ್ಲೇ ಇತ್ತು. ಯಾರೂ ನೋಡಿರಲಿಲ್ಲ. ಆ ಹುಡುಗಿ ತನ್ನ ತರಗತಿಯ ಸಾಲಿಗೂ ಸೇರಿದವಳು, ಈ ಅಡ್ಡಸಾಲಿಗೂ ಸೇರಿದವಳು. ಖರ್ಚಿಲ್ಲದ ಪಾಠ ಇದು. ಎರಡು ನಿಮಿಷ ಸಾಕು.

ಇಲ್ಲಿ ಮಗ್ಗಿಯ ಮಾತು ಬರಬೇಕು. ನಮ್ಮ ಶಾಲೆಗಳಲ್ಲಿ ಗುಣಾಕಾರ ಎಂದರೆ ಮಗ್ಗಿ. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ರಾಗವಾಗಿ, ಒಟ್ಟಾಗಿ, ಕಿಟಕಿಯಾಚೆಗೂ ಕೇಳುವ ಹಾಗೆ. ಮಗ್ಗಿಯನ್ನು ಹಳಿಯುವುದು ಈ ಭಾಷಣದ ಉದ್ದೇಶವಲ್ಲ. ಬಾಯಿಗೆ ಬಂದ ಮಗ್ಗಿ ಜೀವನವಿಡೀ ಕೈಬಿಡುವುದಿಲ್ಲ. ಆದರೆ ಅದಕ್ಕೊಂದು ಮಿತಿ ಇದೆ. ರೇಡಿಯೊದಲ್ಲಿ ಅದನ್ನು ತೋರಿಸುವುದು ಸುಲಭ. ನಾಲ್ಕು ಚಪ್ಪಾಳೆ ತಟ್ಟಿ, ಸ್ವಲ್ಪ ಬಿಡಿ. ಮತ್ತೆ ನಾಲ್ಕು, ಸ್ವಲ್ಪ ಬಿಡಿ. ಮತ್ತೆ ನಾಲ್ಕು. ಮೂರು ಸಲ ನಾಲ್ಕು ಹನ್ನೆರಡು ಎಂದು ಕಿವಿಗೆ ತಿಳಿಯಿತು. ಇದರಲ್ಲಿ ನಾಲ್ಕರ ಗುಂಪು ಕೇಳಿಸಿತು. ಅದೇ ಹನ್ನೆರಡರಲ್ಲಿ ಮೂರರ ಗುಂಪುಗಳು ನಾಲ್ಕು ಇವೆಯಲ್ಲ, ಅವು ಕೇಳಿಸಿದವೇ? ಇಲ್ಲ. ಸದ್ದು ಒಂದರ ಹಿಂದೆ ಒಂದು ಬಂದು ಹೋಗುತ್ತದೆ. ಅದರಲ್ಲಿ ಅಡ್ಡಸಾಲು ಮಾತ್ರ ಇದೆ. ಕಂಬಸಾಲು ಕಾಣಬೇಕಾದರೆ ವಸ್ತುಗಳು ಕಣ್ಣ ಮುಂದೆ ಒಟ್ಟಿಗೆ ಕೂರಬೇಕು. ಆದ್ದರಿಂದ ಮಗ್ಗಿಯ ಜೊತೆಗೆ ಜೋಡಣೆ ಬೇಕು. ಸಾಧ್ಯವಾದರೆ ಮಗ್ಗಿಗಿಂತ ಮೊದಲೇ ಬೇಕು.

ಈವರೆಗೆ ಹೇಳಿದ್ದು ಎರಡು ಸಂಗತಿ. ಸಾಲು ತಾನಾಗಿ ಕಾಣುವುದಿಲ್ಲ. ಬಾಯಿಪಾಠ ಸಾಲಿನ ಒಂದು ದಿಕ್ಕನ್ನಷ್ಟೇ ತೋರಿಸುತ್ತದೆ. ಇನ್ನು ಕೈಯಿಂದ ಮಾಡುವ ಕೆಲಸಕ್ಕೆ ಬರೋಣ.

ಮನೆಯಲ್ಲಿ ಆರು, ಏಳು, ಎಂಟು ವರ್ಷದ ಮಗುವಿದ್ದರೆ ಹತ್ತಿರ ಕರೆಯಿರಿ. ಹನ್ನೆರಡು ಕಾಫಿಬೀಜ ಕೊಡಿ. ಹುಣಸೆಬೀಜವಾದರೂ ಆದೀತು. ಒಂದು ತಟ್ಟೆಯಲ್ಲೋ ಮರದ ಮಣೆಯ ಮೇಲೋ ಸಾಲಾಗಿ ಜೋಡಿಸಲು ಹೇಳಿ. ಷರತ್ತು ಒಂದೇ: ಎಲ್ಲ ಸಾಲಿನಲ್ಲೂ ಅಷ್ಟಷ್ಟೇ ಇರಬೇಕು. ಕೊನೆಯ ಸಾಲು ಕುಂಟಬಾರದು. ಮಗು ಎರಡು ಸಾಲು ಮಾಡಿ ಆರಾರು ಇಡಬಹುದು. ಮೂರು ಸಾಲು ಮಾಡಿ ನಾಲ್ಕು ನಾಲ್ಕು ಇಡಬಹುದು. ಒಂದೇ ಉದ್ದ ಸಾಲೂ ಮಾಡಬಹುದು. ಯಾವುದನ್ನೂ ತಪ್ಪೆನ್ನಬೇಡಿ. ಪ್ರತಿಸಲವೂ ಎರಡೇ ಪ್ರಶ್ನೆ ಕೇಳಿ. ಎಷ್ಟು ಸಾಲು? ಸಾಲಿಗೆ ಎಷ್ಟು? ಒಟ್ಟು ಎಷ್ಟು ಎಂದು ಮೊದಲೇ ಕೇಳಿದರೆ ಮಗು ಒಂದು, ಎರಡು, ಮೂರು ಎಂದು ಎಣಿಸಲು ಶುರುಮಾಡುತ್ತದೆ. ಜೋಡಣೆ ಮಾಡಿದ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಈಗ ಇನ್ನೊಂದು ಬೀಜ ಸೇರಿಸಿ. ಹದಿಮೂರಾಯಿತು. ಮತ್ತೆ ಜೋಡಿಸಲು ಹೇಳಿ. ಎರಡು ಸಾಲು ಮಾಡಿದರೆ ಒಂದು ಉಳಿಯುತ್ತದೆ. ಮೂರು ಮಾಡಿದರೂ ಒಂದು ಉಳಿಯುತ್ತದೆ. ನಾಲ್ಕು ಮಾಡಿದರೂ ಅಷ್ಟೇ. ಐದು ಮಾಡಿದರೆ ಮೂರು ಉಳಿಯುತ್ತವೆ. ಮಗು ಸೋತು ಒಂದೇ ಉದ್ದ ಸಾಲಿಗೆ ಮರಳುತ್ತದೆ. ಹದಿಮೂರು ಅವಿಭಾಜ್ಯ ಸಂಖ್ಯೆ ಎಂದು ಮೇಲಿನ ತರಗತಿಯ ಪುಸ್ತಕ ಹೇಳುವುದು ಇದನ್ನೇ. ಆ ದೊಡ್ಡ ಹೆಸರು ಎರಡನೇ ತರಗತಿಯ ಮಗುವಿಗೆ ಬೇಡ. ಹದಿಮೂರು ಹಟಮಾರಿ ಸಂಖ್ಯೆ, ಸಾಲಿಗೆ ಬಗ್ಗುವುದಿಲ್ಲ ಎಂದು ಬೆರಳಿಗೆ ತಿಳಿದರೆ ಸಾಕು.

ಮತ್ತೆ ಹನ್ನೆರಡಕ್ಕೆ ಬನ್ನಿ. ಮೂರು ಸಾಲು, ಸಾಲಿಗೆ ನಾಲ್ಕು. ಈಗ ಬೀಜ ಮುಟ್ಟದೆ ತಟ್ಟೆಯನ್ನೇ ಕಾಲು ಸುತ್ತು ತಿರುಗಿಸಿ. ನಾಲ್ಕು ಸಾಲು, ಸಾಲಿಗೆ ಮೂರು ಆಯಿತು. ಒಂದು ಬೀಜವೂ ಹೆಚ್ಚಲಿಲ್ಲ, ಒಂದೂ ಕಡಿಮೆಯಾಗಲಿಲ್ಲ. ಮೂರ್ನಾಲ್ಕ್ಲ ಹನ್ನೆರಡು, ನಾಲ್ಕ್ಮೂರ್ಲ ಹನ್ನೆರಡು. ಬಾಯಿಪಾಠದಲ್ಲಿ ಇವು ಎರಡು ಬೇರೆ ಬೇರೆ ಮಗ್ಗಿಯ ಎರಡು ಬೇರೆ ಬೇರೆ ಸಾಲುಗಳು. ತಟ್ಟೆಯ ಮೇಲೆ ಒಂದೇ. ಇದು ಅರ್ಥವಾದ ಮಗುವಿಗೆ ಬಾಯಿಪಾಠದ ಹೊರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಇಲ್ಲಿ ಶಿಕ್ಷಕರಿಗೆ ಒಂದು ಮಾತು. ಮೂರು ಗುಣಿಲೆ ನಾಲ್ಕು ಎಂದರೆ ಮೂರು ಸಾಲೋ, ಸಾಲಿಗೆ ಮೂರೋ ಎಂಬ ಚರ್ಚೆ ಇದ್ದೇ ಇದೆ. ಮೊದಲು ಸಾಲುಗಳ ಸಂಖ್ಯೆ ಬರೆಯಬೇಕು ಎಂದು ಒಂದು ಪದ್ಧತಿ ಮಾಡಿಕೊಳ್ಳುವುದು ಒಳ್ಳೆಯದೇ. ಮಾತಾಡಲು ಅನುಕೂಲ. ಆದರೆ ಮೂರು ಸಾಲು ಸರಿಯಾಗಿ ಜೋಡಿಸಿ, ಹನ್ನೆರಡು ಎಂದು ಸರಿಯಾಗಿ ಹೇಳಿ, ಬರೆಯುವಾಗ ನಾಲ್ಕು ಗುಣಿಲೆ ಮೂರು ಎಂದು ಬರೆದ ಮಗುವಿಗೆ ಕೆಂಪು ಶಾಯಿಯ ತಪ್ಪು ಗುರುತು ಹಾಕುವುದು ಅನ್ಯಾಯ. ಅಡ್ಡಸಾಲು ಯಾವುದು, ಕಂಬಸಾಲು ಯಾವುದು ಎಂಬ ಗೊಂದಲವೂ ಹೀಗೆಯೇ. ಹೆಸರು ತಡವಾಗಿ ಬಂದರೆ ಬರಲಿ. ನೋಟ ಮೊದಲು ಬರಲಿ.

ಜೋಡಣೆ, ಎರಡು ಪ್ರಶ್ನೆ, ತಟ್ಟೆ ತಿರುಗಿಸುವುದು. ಇಷ್ಟಾಯಿತು. ಈಗ ಮಲೆನಾಡಿನ ಮಳೆಗಾಲಕ್ಕೆ ಬರೋಣ.

ಆಷಾಢದಲ್ಲಿ ಕಳಸ, ಮೂಡಿಗೆರೆ ಕಡೆ ಮಳೆ ಹಿಡಿದರೆ ಬಿಡುವುದಿಲ್ಲ. ಶಾಲೆಗೆ ರಜೆ ಕೊಡುತ್ತಾರೆ. ಮಕ್ಕಳು ಮನೆಯೊಳಗೆ. ಆಗ ಅಟ್ಟದಿಂದ ಇಳಿದು ಬರುವುದು ಚೆನ್ನೆಮಣೆ. ಕೆಲವು ಕಡೆ ಅಳಗುಳಿ ಮಣೆ ಎಂದೂ ಹೇಳುತ್ತಾರೆ. ನೋಡದವರಿಗಾಗಿ ಹೇಳುವುದಾದರೆ, ಅದು ಉದ್ದನೆಯ ಮರದ ಹಲಗೆ. ಹಲಗೆಯಲ್ಲಿ ಸಣ್ಣ ಬಟ್ಟಲಿನಷ್ಟು ಗುಳಿಗಳನ್ನು ಕೊರೆದಿರುತ್ತಾರೆ. ಈ ಬದಿಗೆ ಏಳು, ಆ ಬದಿಗೆ ಏಳು. ಆಡುವವರು ಎದುರುಬದುರು ಕೂರುತ್ತಾರೆ. ಎರಡು ಅಡ್ಡಸಾಲು, ಏಳು ಕಂಬಸಾಲು, ಒಟ್ಟು ಹದಿನಾಲ್ಕು ಗುಳಿ. ತಲೆಮಾರುಗಳಿಂದ ಮನೆಯಲ್ಲೇ ಇರುವ ಗಣಿತದ ಉಪಕರಣ ಇದು.

ಆಟ ಶುರುವಾಗುವಾಗ ಗುಳಿಗೆ ನಾಲ್ಕರಂತೆ ಬೀಜ ತುಂಬುವ ಪದ್ಧತಿ ಇದೆ. ತುಂಬಿ ಮುಗಿದ ಮೇಲೆ ಆಟಕ್ಕೆ ಇಳಿಯುವ ಮುನ್ನ ಒಂದು ಕ್ಷಣ ನಿಲ್ಲಿಸಿ. ಮಣೆಯಲ್ಲಿ ಬೀಜ ಎಷ್ಟಿದೆ ಎಂದು ಕೇಳಿ. ಮಗು ತನ್ನ ಬದಿಯ ಸಾಲು ನೋಡುತ್ತದೆ. ಏಳು ಗುಳಿ, ಗುಳಿಗೆ ನಾಲ್ಕು, ಇಪ್ಪತ್ತೆಂಟು. ಎದುರಿನವರದೂ ಇಪ್ಪತ್ತೆಂಟು. ಸೇರಿಸಿದರೆ ಐವತ್ತಾರು. ಸರಿ. ಈಗ ಅಡ್ಡ ನೋಡುವುದನ್ನು ಬಿಟ್ಟು ಕಂಬ ನೋಡಲು ಹೇಳಿ. ತನ್ನ ಒಂದು ಗುಳಿ, ಅದರ ಎದುರಿಗೆ ಇನ್ನೊಂದು ಗುಳಿ. ನಾಲ್ಕು ಮತ್ತು ನಾಲ್ಕು, ಎಂಟು. ಇಂಥ ಕಂಬಸಾಲು ಏಳು. ಏಳೆಂಟ್ಲ ಐವತ್ತಾರು!

ಮಗ್ಗಿಯಲ್ಲಿ ಮಕ್ಕಳು ಹೆಚ್ಚಾಗಿ ಎಡವುವ ಜಾಗಗಳಲ್ಲಿ ಈ ಏಳೆಂಟ್ಲ ಒಂದು. ಐವತ್ನಾಲ್ಕೋ ಐವತ್ತಾರೋ ಎಂದು ನಾಲಿಗೆ ತಡವರಿಸುತ್ತದೆ. ಚೆನ್ನೆಮಣೆಯಲ್ಲಿ ಅದನ್ನು ಒಮ್ಮೆ ಕಂಡ ಮಗು ತಡವರಿಸಿದರೂ ತಾನೇ ದಾರಿ ಹುಡುಕಿಕೊಳ್ಳುತ್ತದೆ. ಏಳ್ನಾಲ್ಕ್ಲ ಇಪ್ಪತ್ತೆಂಟು, ಅದರ ಎರಡರಷ್ಟು ಐವತ್ತಾರು. ಗುಳಿಗೆ ಐದರಂತೆ ತುಂಬಿ ಆಡುವ ಕಡೆ ಕೇಳಿದರೆ ಉತ್ತರ ಎಪ್ಪತ್ತು. ಕಂಬಸಾಲಿಗೆ ಹತ್ತು, ಏಳು ಕಂಬಸಾಲು. ಅಟ್ಟದ ಮೇಲೆ ಧೂಳು ಹಿಡಿಯುತ್ತಿರುವ ಚೆನ್ನೆಮಣೆ ಇದ್ದರೆ ದಯವಿಟ್ಟು ಕೆಳಗಿಳಿಸಿ. ಹಬ್ಬದ ದಿನ ಗೋಡೆಗೆ ನೇತುಹಾಕುವ ಹಳೆಯ ವಸ್ತುವಾಗಿ ಅದನ್ನು ಇಟ್ಟುಕೊಳ್ಳುವುದು ದೊಡ್ಡ ನಷ್ಟ.

ಮುಂದಿನ ಸಂಗತಿ, ದೊಡ್ಡ ಜೋಡಣೆಯನ್ನು ಒಡೆಯುವುದು. ಇದಕ್ಕೆ ಬೇಕಾದ ವಸ್ತು ಈಗ ಬಹುತೇಕ ಶಾಲೆಗಳಿಗೆ ಬರುತ್ತಿದೆ. ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಜೊತೆ ಮೊಟ್ಟೆ ಕೊಡುತ್ತಾರೆ. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಎಂದಾಗಿದೆ. ಮೊಟ್ಟೆ ಬರುವುದು ಬೂದು ಬಣ್ಣದ ರಟ್ಟಿನ ಟ್ರೇನಲ್ಲಿ. ಒಂದು ಬದಿಗೆ ಐದು ಗುಳಿ, ಇನ್ನೊಂದು ಬದಿಗೆ ಆರು ಗುಳಿ. ಒಟ್ಟು ಮೂವತ್ತು. ಮೊಟ್ಟೆ ಖಾಲಿಯಾದ ಮೇಲೆ ಟ್ರೇ ಒಲೆಗೋ ಕಸಕ್ಕೋ ಹೋಗುತ್ತದೆ. ಅದನ್ನು ತರಗತಿಗೆ ತನ್ನಿ.

ಟ್ರೇ ನಡುವೆ ಒಂದು ಕಡ್ಡಿ ಇಡಿ. ಆರು ಸಾಲು ಮೂರು ಮೂರಾಗಿ ಒಡೆಯಿತು. ಅತ್ತ ಹದಿನೈದು, ಇತ್ತ ಹದಿನೈದು. ಕಡ್ಡಿಯನ್ನು ಸರಿಸಿ. ಅತ್ತ ನಾಲ್ಕು ಸಾಲು ಇಪ್ಪತ್ತು, ಇತ್ತ ಎರಡು ಸಾಲು ಹತ್ತು. ಕಡ್ಡಿ ಎಲ್ಲಿಟ್ಟರೂ ಮೂವತ್ತು ಮೂವತ್ತೇ. ಗೊತ್ತಿಲ್ಲದ ಗುಣಾಕಾರವನ್ನು ಗೊತ್ತಿರುವ ಎರಡು ತುಂಡು ಮಾಡಿಕೊಳ್ಳಬಹುದು ಎಂಬುದು ಇಲ್ಲಿಂದ ಬರುತ್ತದೆ. ಏಳರ ಮಗ್ಗಿ ಬಾರದ ಮಗುವಿಗೆ ಐದರದು, ಎರಡರದು ಬರುತ್ತದಲ್ಲ? ಏಳನ್ನು ಐದು ಮತ್ತು ಎರಡಾಗಿ ಒಡೆದರೆ ಆಯಿತು. ಎರಡು ಟ್ರೇ ಪಕ್ಕಪಕ್ಕ ಇಟ್ಟರೆ ಅರವತ್ತು. ನಾಲ್ಕು ಟ್ರೇ ಸೇರಿಸಿದರೆ ಹತ್ತು ಸಾಲು, ಸಾಲಿಗೆ ಹನ್ನೆರಡು, ನೂರಿಪ್ಪತ್ತು. ಹೈಸ್ಕೂಲಿನ ಬೀಜಗಣಿತದಲ್ಲಿ ಆವರಣ ಬಿಡಿಸುವ ಲೆಕ್ಕ ಬರುತ್ತದೆ. ಅಲ್ಲಿ ಮಕ್ಕಳು ಸೂತ್ರ ಮರೆತು ಒದ್ದಾಡುತ್ತಾರೆ. ಆ ಸೂತ್ರವೂ ಟ್ರೇ ಮೇಲಿನ ಈ ಕಡ್ಡಿಯ ಕೆಲಸವನ್ನೇ ಹೇಳುತ್ತದೆ.

ಇನ್ನೊಂದು ಅಭ್ಯಾಸ ಟ್ರೇನಲ್ಲೇ ಮಾಡಬಹುದು. ಕೆಲವು ಗುಳಿಗಳಲ್ಲಿ ಕಾಫಿಹಣ್ಣು ಇಟ್ಟು, ಮೇಲೆ ಬಟ್ಟೆ ಮುಚ್ಚಿ. ಒಂದು ಉಸಿರಿನಷ್ಟು ಹೊತ್ತು ಬಟ್ಟೆ ಎತ್ತಿ ಮತ್ತೆ ಮುಚ್ಚಿ. ಎಷ್ಟಿತ್ತು ಎಂದು ಕೇಳಿ. ಒಂದೊಂದಾಗಿ ಎಣಿಸಲು ಪುರುಸೊತ್ತಿಲ್ಲ. ಸಾಲು ಹಿಡಿದೇ ನೋಡಬೇಕು. ಮುಚ್ಚಿದ ಬಟ್ಟೆಯ ಕೆಳಗೆ ಸಾಲುಗಳನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳುವ ಮಗು ಚಿತ್ರ ಬರೆಯಲೂ ತಯಾರಾಗಿದೆ ಎಂದರ್ಥ.

ಮನೆಯ ತಟ್ಟೆ, ಅಟ್ಟದ ಚೆನ್ನೆಮಣೆ, ಶಾಲೆಯ ಟ್ರೇ ಆಯಿತು. ಈಗ ತೋಟಕ್ಕೆ ಹೋಗೋಣ. ಈ ಸೀಮೆಯ ನಿಜವಾದ ಪಾಠ ಅಲ್ಲಿದೆ.

ಹೊಸ ತೋಟ ಹಾಕುವಾಗ ಮೊದಲು ಹಗ್ಗ ಹಿಡಿಯುತ್ತಾರೆ. ಹಗ್ಗದ ಉದ್ದಕ್ಕೂ ಅಳತೆ ಇಟ್ಟು ಗೂಟ ಹೊಡೆಯುತ್ತಾರೆ. ಗೂಟ ಇದ್ದಲ್ಲಿ ಗುಂಡಿ, ಗುಂಡಿ ಇದ್ದಲ್ಲಿ ಗಿಡ. ಎತ್ತರ ಬೆಳೆಯುವ ಅರೇಬಿಕಕ್ಕೆ ಸಾಮಾನ್ಯವಾಗಿ ಆರರಿಂದ ಏಳು ಅಡಿ ಅಂತರ. ಕುಳ್ಳ ತಳಿಗಳಿಗೆ ಐದು ಅಡಿ. ರೊಬಸ್ಟಾ ಹರಡಿಕೊಳ್ಳುವ ಗಿಡ, ಅದಕ್ಕೆ ಹತ್ತು ಅಡಿವರೆಗೂ ಬಿಡುತ್ತಾರೆ. ಇಂಥ ಲೆಕ್ಕಗಳ ಹಿಂದೆ ದೊಡ್ಡ ಸಂಶೋಧನೆ ಇದೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಕೆಲಸ ಮಾಡುತ್ತಿದೆ.

ಒಂದು ಎಕರೆಯನ್ನು ಚೌಕವೆಂದು ಭಾವಿಸಿಕೊಳ್ಳಿ. ಒಂದೊಂದು ಬದಿ ಸುಮಾರು 210 ಅಡಿ. ಆರು ಅಡಿ ಅಂತರವಾದರೆ ಒಂದು ಸಾಲಿಗೆ ಮೂವತ್ತೈದು ಗಿಡ. ಅಂಥ ಮೂವತ್ತೈದು ಸಾಲು. ಒಟ್ಟು ಸುಮಾರು 1,200 ಗಿಡ. ಈಗ ದೊಡ್ಡವರಿಗೇ ಒಂದು ಪ್ರಶ್ನೆ. ಐದು ಅಡಿ ಅಂತರವನ್ನು ಹತ್ತು ಅಡಿ ಮಾಡಿದರೆ ಗಿಡಗಳ ಸಂಖ್ಯೆ ಏನಾಗುತ್ತದೆ? ಅಂತರ ಎರಡರಷ್ಟಾಯಿತು, ಗಿಡ ಅರ್ಧವಾಗುತ್ತದೆ ಎಂದು ಮನಸ್ಸು ಥಟ್ಟನೆ ಹೇಳುತ್ತದೆ. ತಡೆಯಿರಿ. ಐದು ಅಡಿಗೆ ಒಂದರಂತೆ ನೆಟ್ಟರೆ ಸಾಲಿಗೆ ನಲವತ್ತೆರಡು ಗಿಡ, ನಲವತ್ತೆರಡು ಸಾಲು. 1,700ಕ್ಕೂ ಹೆಚ್ಚು. ಹತ್ತು ಅಡಿ ಆದಾಗ ಸಾಲಿಗೆ ಇಪ್ಪತ್ತೊಂದು ಗಿಡ. ಸಾಲುಗಳೂ ಇಪ್ಪತ್ತೊಂದೇ. ಒಟ್ಟು ಸುಮಾರು 440. ಅಂದರೆ ಕಾಲುಭಾಗ. ಅಡ್ಡಸಾಲೂ ಅರ್ಧವಾಯಿತು, ಕಂಬಸಾಲೂ ಅರ್ಧವಾಯಿತು. ಸಸಿ ಕೊಳ್ಳುವಾಗ, ಗೊಬ್ಬರದ ಲೆಕ್ಕ ಹಾಕುವಾಗ ಈ ತಿಳಿವಳಿಕೆ ದುಡ್ಡಿನ ವಿಷಯ. ಎರಡು ದಿಕ್ಕಿನ ಸಾಲು ಕಂಡವರಿಗೆ ಮಾತ್ರ ಇದು ಸುಲಭವಾಗಿ ಹೊಳೆಯುತ್ತದೆ.

ನೆಲ ಅಳೆಯುವ ಲೆಕ್ಕ ಈ ನಾಡಿಗೆ ಹೊಸದಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವನ್ನು ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು ಎಂದು ಗುರುತಿಸುತ್ತಾರೆ. ಆ ಹೊಯ್ಸಳರ ಕಾಲದಲ್ಲಿ, 12ನೇ ಶತಮಾನದಲ್ಲಿ, ರಾಜಾದಿತ್ಯ ಎಂಬ ಕವಿ ಕನ್ನಡದಲ್ಲೇ ಗಣಿತ ಗ್ರಂಥಗಳನ್ನು ಬರೆದ. ವ್ಯವಹಾರಗಣಿತ, ಕ್ಷೇತ್ರಗಣಿತ ಎಂಬುವು ಅವುಗಳಲ್ಲಿ ಎರಡು. ಕನ್ನಡದ ಮಕ್ಕಳು ಕನ್ನಡದಲ್ಲೇ ಲೆಕ್ಕ ಕಲಿಯುವುದಕ್ಕೆ ಎಂಟುನೂರು ವರ್ಷಕ್ಕೂ ಮಿಕ್ಕಿದ ಬೆನ್ನೆಲುಬಿದೆ.

ತೋಟದ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಪುಸ್ತಕದ ಚಿತ್ರದಂತೆ ಎಲ್ಲ ತೋಟವೂ ಇರುವುದಿಲ್ಲ. ಇದು ಗುಡ್ಡದ ಸೀಮೆ. ಸಮತಟ್ಟಾದ ಜಾಗದಲ್ಲಿ ಚೌಕ ಹಿಡಿದು ನೆಡಬಹುದು. ಕಡಿದಾದ ಇಳಿಜಾರಿನಲ್ಲಿ ಹಾಗೆ ಮಾಡಿದರೆ ಮಳೆನೀರು ಮಣ್ಣು ಕೊಚ್ಚಿಕೊಂಡು ಹೋಗುತ್ತದೆ. ಅಲ್ಲಿ ಇಳಿಜಾರಿಗೆ ಅಡ್ಡಲಾಗಿ, ಗುಡ್ಡದ ಮೈ ಬಾಗಿದಂತೆ ಸಾಲೂ ಬಾಗುತ್ತದೆ. ಒಂದು ಸಾಲು ಉದ್ದ, ಮೇಲಿನದು ಗಿಡ್ಡ. ಅಂಥಲ್ಲಿ ಸಾಲುಗಳ ಸಂಖ್ಯೆಯನ್ನು ಮೊದಲ ಸಾಲಿನ ಗಿಡಗಳಿಂದ ಗುಣಿಸಿದರೆ ಉತ್ತರ ತಪ್ಪು. ಇದನ್ನು ಮಕ್ಕಳಿಂದ ಮುಚ್ಚಿಡಬಾರದು. ಬಾಗಿದ ಸಾಲಿನ ಮುಂದೆ ನಿಲ್ಲಿಸಿ, ಇಲ್ಲಿ ಗುಣಿಸಬಹುದೇ ಎಂದು ಕೇಳಬೇಕು. ಬರುವುದಿಲ್ಲ ಟೀಚರ್, ಸಾಲು ಸಮ ಇಲ್ಲ ಎಂದು ಮಗು ಹೇಳಿದ ದಿನ ಗುಣಾಕಾರ ಅದಕ್ಕೆ ಅರ್ಥವಾಗಿದೆ. ಗುಣಾಕಾರ ಎಲ್ಲಿ ನಡೆಯುವುದಿಲ್ಲ ಎಂದು ತಿಳಿದವರಿಗೆ ಎಲ್ಲಿ ನಡೆಯುತ್ತದೆ ಎಂಬುದೂ ತಿಳಿದಿರುತ್ತದೆ.

ಸಮತಟ್ಟಿನ ತೋಟದಲ್ಲೂ ಗಿಡ ಪೂರ್ತಿ ಇರುವುದಿಲ್ಲ. ಅರೇಬಿಕಕ್ಕೆ ಕಾಂಡಕೊರಕದ ಕಾಟ. ಹುಳ ಹಿಡಿದ ಗಿಡ ಕಿತ್ತ ಜಾಗ ಖಾಲಿ. ಎಂಟು ಸಾಲು, ಸಾಲಿಗೆ ಹತ್ತು, ನಡುವೆ ಮೂರು ಖಾಲಿ ಎಂದಿಟ್ಟುಕೊಳ್ಳಿ. ಒಂದೊಂದಾಗಿ ಎಣಿಸುವ ಮಗು ಅರ್ಧ ದಾರಿಯಲ್ಲಿ ಲೆಕ್ಕ ಮರೆಯುತ್ತದೆ. ಸಾಲು ಕಂಡ ಮಗು ಎಂಬತ್ತು, ಮೂರು ಹೋದರೆ ಎಪ್ಪತ್ತೇಳು ಎನ್ನುತ್ತದೆ. ಇಲ್ಲದ ಗಿಡವೂ ಅದರ ಕಣ್ಣಿಗೆ ಕಂಡಿದೆ.

ತೋಟದಲ್ಲಿ ಇನ್ನೊಂದು ಸಾಲುಕಂಬದ ಜೋಡಣೆ ಇದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಕೈಯಲ್ಲಿರುವ ಚೆಕ್‌ರೋಲ್, ಅಂದರೆ ಕೆಲಸಗಾರರ ಹಾಜರಿ ಪಟ್ಟಿ. ಹೆಸರುಗಳು ಒಂದರ ಕೆಳಗೊಂದು, ತಾರೀಖುಗಳು ಅಡ್ಡಕ್ಕೆ. ಒಂದೊಂದು ಚೌಕದಲ್ಲೂ ಒಬ್ಬರ ಒಂದು ದಿನ. ಅಡ್ಡ ಓದಿದರೆ ಒಬ್ಬರು ತಿಂಗಳಲ್ಲಿ ಎಷ್ಟು ದಿನ ಬಂದರು ಎಂದು ತಿಳಿಯುತ್ತದೆ. ಕೆಳಗೆ ಓದಿದರೆ ಆ ದಿನ ಎಷ್ಟು ಜನ ಬಂದರು ಎಂದು ತಿಳಿಯುತ್ತದೆ. ಶಾಲೆಯ ಹಾಜರಿ ಪುಸ್ತಕವೂ ಇದೇ ಕ್ರಮ. ಗೋಡೆಯ ಕ್ಯಾಲೆಂಡರಿನಲ್ಲಿ ವಾರಕ್ಕೊಂದು ಕಂಬವೋ ಅಡ್ಡಸಾಲೋ ಇರುತ್ತದೆ. ಕಂಪ್ಯೂಟರಿನ ಲೆಕ್ಕದ ಹಾಳೆಯೂ ಹಾಗೆಯೇ. ಕೂಲಿ ಲೆಕ್ಕ ಸರಿಯಿದೆಯೇ ಎಂದು ಮುಂದೊಂದು ದಿನ ತಾಯಿಯ ಪರವಾಗಿ ಆ ಹಾಳೆಯನ್ನು ಓದಬಲ್ಲ ಮಗು ಬೇಕಲ್ಲವೇ? ಅದರ ತಯಾರಿ ಎರಡನೇ ತರಗತಿಯಲ್ಲಿ.

ಈವರೆಗೆ ವಸ್ತುಗಳ ಮಾತಾಯಿತು. ಇನ್ನು ತರಗತಿಯ ಮಾತು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿ ಮಕ್ಕಳಿಗೆ ನಲಿ-ಕಲಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಶುರುವಾದ ಪದ್ಧತಿ ಇದು. ಆಂಧ್ರದ ರಿಷಿವ್ಯಾಲಿ ಶಾಲೆಗಳ ಪ್ರಯೋಗ ಇದಕ್ಕೆ ಪ್ರೇರಣೆ. 2009ರ ಹೊತ್ತಿಗೆ ರಾಜ್ಯವಿಡೀ ಹರಡಿತು. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಗುಂಪಿಗೆ ತಟ್ಟೆ ಎಂದು ಹೆಸರು. ಕಾರ್ಡು ಹಿಡಿದು, ಏಣಿಯ ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಹಂತ ದಾಟುತ್ತಾರೆ. ಮಲೆನಾಡಿನಲ್ಲಿ ಮನೆಗಳು ದೂರದೂರ, ಎಷ್ಟೋ ಶಾಲೆಗಳಲ್ಲಿ ಮಕ್ಕಳು ಕಡಿಮೆ, ಶಿಕ್ಷಕರೂ ಕಡಿಮೆ. ಮೂರು ತರಗತಿ ಒಂದೇ ಕೋಣೆಯಲ್ಲಿ. ಸಾಲು ಜೋಡಿಸುವ ಪಾಠಕ್ಕೆ ಈ ಕೋಣೆ ಹೇಳಿಮಾಡಿಸಿದ್ದು. ಒಂದನೇ ತರಗತಿಯವರು ಸಾಲು ಮಾಡಲಿ, ಎರಡನೆಯವರು ಎಷ್ಟು ಸಾಲು, ಸಾಲಿಗೆ ಎಷ್ಟು ಎಂದು ಹೇಳಲಿ, ಮೂರನೆಯವರು ಗುಣಾಕಾರವಾಗಿ ಬರೆಯಲಿ. ಬೀಜ ಅವೇ, ಮಣೆ ಅದೇ.

ನಾಲ್ಕು ಐದನೇ ತರಗತಿಗೆ ಅಕ್ಷರ ಫೌಂಡೇಶನ್ ಸಹಯೋಗದ ಗಣಿತ ಕಲಿಕಾ ಆಂದೋಲನದ ಕಿಟ್ ಇದೆ. ಅದರಲ್ಲಿರುವ ನೂರರ ಹಲಗೆಯನ್ನು ನೋಡಿ. ಹತ್ತು ಸಾಲು, ಸಾಲಿಗೆ ಹತ್ತು. ಕಿಟ್ಟು ಬೀರುವಿನಲ್ಲಿ ಬೀಗ ಹಾಕಿಡುವ ವಸ್ತುವಲ್ಲ. ಕಳೆದುಹೋದೀತು, ಮುರಿದೀತು ಎಂಬ ಭಯ ಶಿಕ್ಷಕರಿಗೆ ಬೇಡ. ಇಲಾಖೆಯ ಅಧಿಕಾರಿಗಳೂ ಆ ಭಯ ಹುಟ್ಟಿಸಬಾರದು.

ಈ ಪಾಠಕ್ಕೆ ಇನ್ನೊಂದು ಗುಣವಿದೆ. ಕಾಫಿ ಸೀಮೆಗೆ ಈಗ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಕೆಲಸಗಾರರು ಬರುತ್ತಿದ್ದಾರೆ. ಉತ್ತರ ಕರ್ನಾಟಕದಿಂದಲೂ ಬರುತ್ತಾರೆ. ಅವರ ಜೊತೆ ಬಂದ ಮಕ್ಕಳಲ್ಲಿ ಕೆಲವರು ಶಾಲೆಗೆ ಬಂದು ಕೂರುತ್ತಾರೆ. ಕನ್ನಡ ಇನ್ನೂ ಬಾಯಿಗೆ ಬಂದಿರುವುದಿಲ್ಲ. ಮಗ್ಗಿಯ ರಾಗಕ್ಕೆ ಅವರು ತುಟಿ ಅಲ್ಲಾಡಿಸುತ್ತಾರೆ ಅಷ್ಟೇ. ಆದರೆ ಹನ್ನೆರಡು ಬೀಜ ಕೊಟ್ಟರೆ ಆ ಮಗುವೂ ಮೂರು ಸಾಲು ಮಾಡುತ್ತದೆ. ಅದರ ಕೆಲಸ ಎಲ್ಲರಿಗೂ ಕಾಣುತ್ತದೆ. ಪಕ್ಕದ ಮಗು ಸಾಲು ತೋರಿಸಿ ಸಾಲು ಎನ್ನುತ್ತದೆ. ಗಣಿತದ ಜೊತೆಗೆ ಕನ್ನಡವೂ ಅಲ್ಲೇ ಶುರುವಾಗುತ್ತದೆ.

ಕೊನೆಗೆ ಬೆಳೆಗಾರರಲ್ಲಿ ಒಂದು ವಿನಂತಿ. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ನಿಮ್ಮ ನರ್ಸರಿಗಳಲ್ಲಿ ಸಸಿಗಳನ್ನು ಪಾತಿಯಿಂದ ಕಿತ್ತು ಚೀಲಕ್ಕೆ ಕೂರಿಸುತ್ತೀರಿ. ಚೀಲಗಳನ್ನು ಸಾಲು ಹಿಡಿದು ಇಡುತ್ತೀರಿ. ಶಾಲೆಗಳು ಆಗ ನಡೆಯುತ್ತಿರುತ್ತವೆ. ಹತ್ತಿರದ ಶಾಲೆಯ ಎರಡನೇ, ಮೂರನೇ ತರಗತಿ ಮಕ್ಕಳನ್ನು ಒಂದು ಬೆಳಿಗ್ಗೆ ನರ್ಸರಿಗೆ ಕರೆಸಿ. ಕೆಲಸ ಮಾಡಿಸಲು ಬೇಡ, ಎಣಿಸಲು ಕರೆಸಿ. ಸಾಲಿಗೆ ಹತ್ತು ಚೀಲದಂತೆ ಇಟ್ಟ ಒಂದು ಪಾತಿಯ ಮುಂದೆ ನಿಲ್ಲಿಸಿ, ಎಷ್ಟು ಸಸಿ ಇದೆ ಹೇಳಿ ಮಕ್ಕಳೇ ಎಂದು ನಿಮ್ಮ ರೈಟರೇ ಕೇಳಲಿ. ಮಕ್ಕಳು ಹೇಳಿದ ಲೆಕ್ಕವನ್ನು ಅವರ ಎದುರಿಗೇ ನಿಮ್ಮ ಪುಸ್ತಕದ ಲೆಕ್ಕದ ಜೊತೆ ತಾಳೆ ನೋಡಿ. ಶಿಕ್ಷಕರು ಈ ವಾರವೇ ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿ, ಬೆಳೆಗಾರರಿಗೆ ಒಂದು ಪತ್ರ ಬರೆಯಿರಿ.